ಚುಕ್ಕಿ-ಗೆರೆಗಳ ಗಣಿತಕ್ಕೆ ಮನೆಯಲ್ಲಿಯೇ ನೆರವು

ವಿದ್ಯಾರ್ಜನೆಗೆ ಬಡತನ ಅಡ್ಡಿಯಾಗುವುದುಂಟು, ಅನಾರೋಗ್ಯ ಅಡ್ಡಿಯಾಗುವುದುಂಟು. ಆದರೆ ಇವೆರಡನ್ನೂ ಮೀರಿಸುವ ಅಡ್ಡಿಯೊಂದಿದೆ. ಅದು ಕೇಳುವುದಕ್ಕೆ ನಾಚುವುದು. ಬಡತನಕ್ಕೆ ದಾಸೋಹವುಂಟು, ಪ್ರಸಾದನಿಲಯಗಳುಂಟು. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠಗಳಂಥ ಸ್ಥಾನಗಳಲ್ಲಿ ಉಂಡು, ಓದಿ, ಬಾಳನ್ನು ಕಟ್ಟಿಕೊಂಡವರು ನಮ್ಮ ಸಮಾಜದಲ್ಲಿ ಅಸಂಖ್ಯಾತರಿದ್ದಾರೆ. ನಾಚಿಕೆಗೆ ಮಾತ್ರ ಅಂಥ ಆಸರೆಯಿಲ್ಲ. ತರಗತಿಯಲ್ಲಿ ತಿಳಿಯದ್ದನ್ನು ತಿಳಿಯಿತೆಂದು ತಲೆಯಾಡಿಸಿ ಬಂದ ಹುಡುಗನು ರಾತ್ರಿ ಪುಸ್ತಕ ತೆರೆದು ಕುಳಿತಾಗ ಪಡುವ ಸಂಕಟ ಅವನೊಬ್ಬನಿಗೇ ಗೊತ್ತು.

ಈ ಮಾತನ್ನು ಎತ್ತಿಕೊಳ್ಳಲು ಕಾರಣವಿದೆ. ಹಿಂದೆ ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಮೂಡಲಗಿ ತಾಲ್ಲೂಕಿಗೆ ಸೇರಿರುವ ತುಕ್ಕಾನಟ್ಟಿ ಮತ್ತು ಅದರ ಸುತ್ತಣ ಊರುಗಳಿಂದ ಇಂದು ಗಂಡುಮಕ್ಕಳೂ ಹೆಣ್ಣುಮಕ್ಕಳೂ ಬಿ.ಸಿ.ಎ., ಬಿ.ಎಸ್ಸಿ., ಇಂಜಿನಿಯರಿಂಗ್ ತರಗತಿಗಳಿಗೆ ಹೋಗುತ್ತಿದ್ದಾರೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಇವರಲ್ಲಿ ಅನೇಕರು ಎಡವುವ ಒಂದು ಪತ್ರಿಕೆಯುಂಟು. ಅದರ ಹೆಸರು ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್. ಕನ್ನಡದಲ್ಲಿ ವಿವಿಕ್ತ ಗಣಿತವೆನ್ನುತ್ತಾರೆ. ಅದರೊಳಗೂ ಗ್ರಾಫ್ ಸಿದ್ಧಾಂತವೆಂಬ ಭಾಗ ಬಂದಾಗ ಇವರು ಕೈಚೆಲ್ಲುತ್ತಾರೆ. ಒಂದು ಪತ್ರಿಕೆ ಉಳಿಯುತ್ತದೆ, ಮುಂದಿನ ಸಲಕ್ಕೆ ಎರಡಾಗುತ್ತವೆ. ಆಮೇಲೆ ಹುಡುಗನಾದರೆ ಕಬ್ಬಿನ ಹೊಲಕ್ಕೆ, ಹುಡುಗಿಯಾದರೆ ವರಾನ್ವೇಷಣೆಗೆ ಮನೆಯವರು ಮನಸ್ಸು ಮಾಡುತ್ತಾರೆ. ಹೊಲ ಕೆಟ್ಟದ್ದಲ್ಲ, ಮದುವೆಯೂ ಕೆಟ್ಟದ್ದಲ್ಲ. ಆದರೆ ಒಂದು ಪತ್ರಿಕೆಯ ಭಯದಿಂದ ಬರುವ ಹೊಲವೂ ಮದುವೆಯೂ ಬೇರೆ. ಇಂಥ ವೇಳೆಯಲ್ಲಿ ತಂದೆತಾಯಿಗಳು ‘ಇದು ನಮಗೆ ತಿಳಿಯುವಂಥದ್ದಲ್ಲ’ ಎಂದು ದೂರ ಸರಿಯುವುದನ್ನು ಕಂಡಿದ್ದೇನೆ. ಉಳಿದ ಗಣಿತದ ಮಟ್ಟಿಗೆ ಆ ಮಾತು ನಿಜವಿರಬಹುದು. ಈ ಗಣಿತದ ಮಟ್ಟಿಗೆ ನಿಜವಲ್ಲ.

ಮೊದಲು ಹೆಸರಿನ ಗೊಂದಲವನ್ನು ನಿವಾರಿಸಬೇಕು. ಗ್ರಾಫ್ ಎಂದೊಡನೆ ವಿದ್ಯಾರ್ಥಿಯ ಕಣ್ಣೆದುರು ಶಾಲೆಯ ಚೌಕಳಿ ಹಾಳೆ, ಅದರ ಮೇಲೆ ಎಳೆದ ನಕ್ಷೆ ನಿಲ್ಲುತ್ತದೆ. ಇಲ್ಲಿಯ ಗ್ರಾಫ್ ಅದಲ್ಲ. ಇಲ್ಲಿ ಕೆಲವು ಚುಕ್ಕಿಗಳಿರುತ್ತವೆ, ಕೆಲವು ಚುಕ್ಕಿಗಳನ್ನು ಜೋಡಿಸುವ ಗೆರೆಗಳಿರುತ್ತವೆ, ಅಷ್ಟೇ. ಚುಕ್ಕಿಗಳು ಊರುಗಳಾದರೆ ಗೆರೆಗಳು ರಸ್ತೆಗಳು. ಚುಕ್ಕಿಗಳು ಮನುಷ್ಯರಾದರೆ ಗೆರೆಗಳು ಬೀಗತನ. ಗೆರೆ ನೇರವಿರಲಿ, ಡೊಂಕಿರಲಿ, ಉದ್ದವಿರಲಿ, ಗಿಡ್ಡವಿರಲಿ, ಲೆಕ್ಕಕ್ಕಿಲ್ಲ. ಯಾವುದು ಯಾವುದಕ್ಕೆ ಕೂಡಿದೆ ಎಂಬುದೊಂದೇ ಲೆಕ್ಕ. ಈ ಅರ್ಥದಲ್ಲಿ ಗ್ರಾಫ್ ಎಂಬ ಹೆಸರನ್ನು 1878ರಲ್ಲಿ ಬಳಕೆಗೆ ತಂದವನು ಸಿಲ್ವೆಸ್ಟರ್ ಎಂಬ ಆಂಗ್ಲ ಗಣಿತಜ್ಞ. ಬೇರೆ ಹೆಸರಿಟ್ಟಿದ್ದರೆ ನಮ್ಮ ಮಕ್ಕಳಿಗೆ ಅರ್ಧ ಭಯ ತಪ್ಪುತ್ತಿತ್ತು. ನಮ್ಮ ರಾಜ್ಯದ ಹಿಂದಿನ ಹತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿ ಈ ವಿಷಯದ ಪಾಠವೊಂದು ಕೆಲವು ವರ್ಷಗಳ ಕಾಲ ಇತ್ತು. ಅಲ್ಲಿ ಇದನ್ನು ‘ಜಾಲಾಕೃತಿ’ ಎಂದು ಕರೆದಿದ್ದರು. ಅಂದವಾದ ಶಬ್ದ. ಬಿಂದುಗಳ ಸಂಖ್ಯೆಗೆ ವಲಯಗಳ ಸಂಖ್ಯೆಯನ್ನು ಕೂಡಿಸಿದರೆ ಗೆರೆಗಳ ಸಂಖ್ಯೆಗಿಂತ 2 ಹೆಚ್ಚು ಬರುತ್ತದೆಂಬ ಆಯ್ಲರನ ಸೂತ್ರವನ್ನು ಆ ಕಾಲದ ಮಕ್ಕಳು ಕನ್ನಡದಲ್ಲಿಯೇ ಕಂಠಪಾಠ ಮಾಡಿದ್ದರು. ಗೆರೆಗಳು ಒಂದನ್ನೊಂದು ದಾಟದಂತೆ ಬರೆದ, ಒಡೆಯದ ಚಿತ್ರಕ್ಕೆ ಈ ಸೂತ್ರ. ಹೊರಗಿನ ಬಯಲನ್ನೂ ಒಂದು ವಲಯವೆಂದು ಎಣಿಸಬೇಕು. ಇಂದು ಕಾಲೇಜಿನಲ್ಲಿ ಅದೇ ವಸ್ತು ಇಂಗ್ಲಿಷ್ ವೇಷದಲ್ಲಿ ಎದುರಾದಾಗ ಗುರುತು ಹತ್ತುವುದಿಲ್ಲ.

ಈ ಶಾಸ್ತ್ರದ ಮೊದಲ ಲೆಕ್ಕವೇ ನೆರವು ಕೇಳಿ ಬರೆದ ಪತ್ರದಲ್ಲಿ ಸಂಚರಿಸಿದ್ದೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರುವುದು ಒಳ್ಳೆಯದು. ಪ್ರಷ್ಯ ದೇಶದ ಕೋನಿಗ್ಸ್‌ಬರ್ಗ್ ನಗರವು ಇಂದು ರಷ್ಯಕ್ಕೆ ಸೇರಿ ಕಲಿನಿನ್‌ಗ್ರಾದ್ ಎನಿಸಿಕೊಂಡಿದೆ. ಅಲ್ಲಿ ಪ್ರೆಗೆಲ್ ನದಿ ಕವಲೊಡೆದು ನಡುವೆ ಒಂದು ದ್ವೀಪವನ್ನು ಮಾಡಿತ್ತು. ದಂಡೆಗಳನ್ನೂ ದ್ವೀಪವನ್ನೂ ಕೂಡಿಸುವ 7 ಸೇತುವೆಗಳಿದ್ದವು. ಪ್ರತಿಯೊಂದು ಸೇತುವೆಯನ್ನೂ ಒಂದೇ ಸಲ ದಾಟಿ ಊರನ್ನು ಸುತ್ತಿ ಬರಲಾದೀತೇ ಎಂಬುದು ಪ್ರಶ್ನೆ. ಡಾನ್‌ಜಿಗ್ ನಗರದ ಕಾರ್ಲ್ ಏಲರ್ ಎಂಬಾತನು ತನ್ನ ಊರಿನ ಗಣಿತಾಧ್ಯಾಪಕನ ಪರವಾಗಿ 1736ರ ಮಾರ್ಚಿಯಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಲಿಯೊನಾರ್ಡ್ ಆಯ್ಲರನಿಗೆ ಪತ್ರ ಬರೆದು, ಇದರ ಪರಿಹಾರವನ್ನು ಸಾಧನೆಸಹಿತ ಕಳುಹಿಸಬೇಕೆಂದು ಕೇಳಿಕೊಂಡನು. ಆಯ್ಲರನು ಅದಕ್ಕೆ ಮುನ್ನವೇ, 1735ರ ಆಗಸ್ಟ್ 26ರಂದು, ಅಲ್ಲಿಯ ವಿದ್ವತ್ಪರಿಷತ್ತಿನಲ್ಲಿ ಈ ಕುರಿತು ಪ್ರಬಂಧ ಮಂಡಿಸಿದ್ದನು. ಏಪ್ರಿಲ್ಲಿನಲ್ಲಿ ಅವನು ಬರೆದ ಉತ್ತರದ ಧಾಟಿ ಸ್ವಾರಸ್ಯವಾದದ್ದು. ಈ ಪ್ರಶ್ನೆಗೂ ಗಣಿತಕ್ಕೂ ಹೆಚ್ಚಿನ ಸಂಬಂಧವಿಲ್ಲ, ಕೇವಲ ವಿವೇಚನೆಯಿಂದ ಬಿಡಿಸಬಹುದಾದ ಇದನ್ನು ಬೇರೆಯವರಿಗಿಂತ ಗಣಿತಜ್ಞನೇ ಬಿಡಿಸಬೇಕೆಂದು ತಾವು ಏಕೆ ನಿರೀಕ್ಷಿಸುತ್ತೀರೋ ತಿಳಿಯದು ಎಂಬ ಅರ್ಥದ ಮಾತು ಅದರಲ್ಲಿದೆ. ಆ ಶಾಸ್ತ್ರದ ಮೂಲಪುರುಷನೇ ಹೀಗೆಂದ ಮೇಲೆ ನಾವು ನೀವು ಹೆದರಬೇಕಾದ ಕಾರಣವಿಲ್ಲ.

ಅವನ ವಿವೇಚನೆ ಇಷ್ಟು. ನಡೆಯುವವನು ಒಂದು ನೆಲಕ್ಕೆ ಒಂದು ಸೇತುವೆಯಿಂದ ಬಂದರೆ ಮತ್ತೊಂದರಿಂದ ಹೊರಡಬೇಕು. ಹಾಗಾಗಿ ಪ್ರತಿ ನೆಲದಲ್ಲಿಯೂ ಸೇತುವೆಗಳು ಎರಡೆರಡಾಗಿ ಖರ್ಚಾಗುತ್ತವೆ. ಹೊರಟ ಸ್ಥಳ, ಮುಗಿಸಿದ ಸ್ಥಳ ಇವೆರಡಕ್ಕೆ ಮಾತ್ರ ಒಂದೊಂದು ಒಂಟಿ ಸೇತುವೆ ಉಳಿಯಬಹುದು. ಕೋನಿಗ್ಸ್‌ಬರ್ಗಿನ ದ್ವೀಪಕ್ಕೆ 5, ಉಳಿದ ಮೂರು ನೆಲಗಳಿಗೆ 3, 3, 3. ನಾಲ್ಕೂ ಬೆಸ. ಆದ್ದರಿಂದ ಅಂಥ ಸುತ್ತಾಟ ಅಸಾಧ್ಯ. ಇಂದಿನ ಪುಸ್ತಕಗಳಲ್ಲಿರುವ ಚುಕ್ಕಿ-ಗೆರೆಯ ಚಿತ್ರವನ್ನು ಆಯ್ಲರನು ಬರೆದಿರಲಿಲ್ಲ. ಅದು ಹಿಂದಿನಿಂದ ಬಂದದ್ದು.

ನಾನು ಗಣಿತದ ಪ್ರಾಧ್ಯಾಪಕನಲ್ಲ. ಮಠದಲ್ಲಿ ಕಲಿತದ್ದು ವ್ಯಾಕರಣ, ತರ್ಕ, ಸಾಹಿತ್ಯ. ತರ್ಕದ ರುಚಿಯಿಂದಾಗಿ, ವಿದ್ಯಾರ್ಥಿನಿಲಯದ ಹುಡುಗರ ಪುಸ್ತಕಗಳನ್ನು ತಿರುವುತ್ತ ತಿರುವುತ್ತ ಈ ವಿಷಯಕ್ಕೆ ಒಲಿದವನು. ಕಳೆದ ವರ್ಷ ಶ್ರಾವಣದಲ್ಲಿ ಪುರಾಣ ಪ್ರವಚನದ ನಿಮಿತ್ತ ತುಕ್ಕಾನಟ್ಟಿಗೆ ಹೋದಾಗ ಬಿನ್ನಹಕ್ಕೆ ಕರೆದ ಭಕ್ತರ ಮನೆಯಲ್ಲಿ ಬಿ.ಸಿ.ಎ. ಓದುವ ಮಗಳೊಬ್ಬಳಿದ್ದಳು. ಪ್ರಸಾದವಾದ ಮೇಲೆ ಅವಳ ತಂದೆ, ‘ಇದೊಂದು ವಿಷಯ ಉಳದೈತ್ರಿ, ಈ ಸಲ ಆಗಲಿಲ್ಲಂದ್ರ ಬಿಡಸಬೇಕಂತ ಮಾಡೇವ್ರಿ’ ಎಂದರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಪುಸ್ತಕ ತರಲು ಹೇಳಿದೆ.

ಲೆಕ್ಕ ಹೀಗಿತ್ತು: ಒಂಬತ್ತು ಕಂಪ್ಯೂಟರುಗಳಿವೆ, ಪ್ರತಿಯೊಂದನ್ನೂ ಉಳಿದವುಗಳ ಪೈಕಿ ಸರಿಯಾಗಿ ಮೂರಕ್ಕೆ ನೇರವಾಗಿ ಜೋಡಿಸಲು ಸಾಧ್ಯವೇ? ಕಾರಣ ಕೊಡಿರಿ.

‘ಅಜ್ಜಾರ, ಆರು ಹಾಳಿ ಬರದೇನ್ರಿ. ಎಂಟಕ್ಕ ಸರಿಯಾಗಿ ಕೂಡತೈತಿ. ಒಂಬತ್ತನೇದಕ್ಕ ಒಂದು ಗೆರಿ ಕಡಿಮಿನ ಬೀಳತೈತ್ರಿ.’

ನೋಡಿದರೆ ಆರೂ ಹಾಳೆಗಳಲ್ಲಿ ಚಿತ್ರಗಳು ಅಚ್ಚುಕಟ್ಟಾಗಿದ್ದವು. ದಡ್ಡರು ಆರು ಹಾಳೆ ಬರೆಯುವುದಿಲ್ಲ. ‘ಎಲ್ಲಾ ಕೂಡಿ ಎಷ್ಟು ಆಗತಾವವ್ವ?’ ಎಂದು ಕೇಳಿದೆ.

‘ಒಂಬತ್ತು ಮೂರಲೆ ಇಪ್ಪತ್ತೇಳು ಗೆರಿ ಆಗತಾವ್ರಿ.’

ಪಡಸಾಲೆಯ ಅಂಚಿನಲ್ಲಿ ಆಕೆಯ ತಾಯಿ ಕೌದಿ ಹೊಲಿಯುತ್ತ ಕುಳಿತಿದ್ದರು. ಶಾಲೆಯ ಮುಖ ಕಂಡವರಲ್ಲ. ಸೂಜಿಯಿಂದ ಕಣ್ಣೆತ್ತದೆಯೇ, ‘ಇಪ್ಪತ್ತೇಳು ಗೆರಿ ಹೆಂಗ ಆಗತಾವ? ಅವು ತುದಿ. ಒಂದು ದಾರಕ್ಕ ಎರಡು ತುದಿ ಇರತಾವು. ತುದಿ ಯಾವಾಗಲೂ ಜೋಡಿಲೆ ಬರಬೇಕು. ಇಪ್ಪತ್ತೇಳನೇ ತುದಿಗೆ ಜೋಡಿ ಎಲ್ಲಿಂದ ತರತಿ?’ ಎಂದರು.

ಹುಡುಗಿ ತಾಯಿಯ ಮುಖವನ್ನೇ ನೋಡುತ್ತ ನಿಂತಳು. ನನಗೆ ಹೇಳಲು ಏನೂ ಉಳಿಯಲಿಲ್ಲ. ಈ ಮಾತನ್ನೇ ಪುಸ್ತಕದಲ್ಲಿ ಹಸ್ತಲಾಘವದ ಪ್ರಮೇಯವೆಂದು ಕರೆದಿದ್ದಾರೆ. ಪ್ರತಿ ಚುಕ್ಕಿಯಿಂದ ಹೊರಡುವ ಗೆರೆಗಳ ಎಣಿಕೆಗೆ ಡಿಗ್ರಿ ಎಂದು ಹೆಸರು. ಎಲ್ಲ ಚುಕ್ಕಿಗಳ ಡಿಗ್ರಿಗಳನ್ನು ಕೂಡಿಸಿದರೆ ಗೆರೆಗಳ ಸಂಖ್ಯೆಯ ಇಮ್ಮಡಿ ಬರುತ್ತದೆ, ಏಕೆಂದರೆ ಪ್ರತಿ ಗೆರೆಗೂ ಎರಡು ತುದಿ. ಇಮ್ಮಡಿಯಾದ ಸಂಖ್ಯೆ ಬೆಸವಾಗಲಾರದು. ಅದರಿಂದಲೇ ಬೆಸ ಡಿಗ್ರಿಯ ಚುಕ್ಕಿಗಳು ಯಾವ ಜಾಲದಲ್ಲಿಯೂ ಸಮಸಂಖ್ಯೆಯಲ್ಲಿಯೇ ಇರುತ್ತವೆಂಬುದೂ ಹೊರಡುತ್ತದೆ. ಪರೀಕ್ಷೆಯಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು. ‘ಅವ್ವ ಹೇಳಿದ್ದನ್ನ ಇಂಗ್ಲೀಷಿನ್ಯಾಗ ಬರಿ’ ಎಂದೆ. ನಾಲ್ಕು ಸಾಲಿನಲ್ಲಿ ಬರೆದಳು.

ಆ ಮಧ್ಯಾಹ್ನ ಅಷ್ಟಕ್ಕೆ ಮುಗಿಯಲಿಲ್ಲ. ಕೈ ಎತ್ತದೆ, ಬರೆದ ಗೆರೆಯ ಮೇಲೆ ಮತ್ತೆ ಬರೆಯದೆ ತೆಗೆಯುವ ಚಿತ್ರಗಳ ಲೆಕ್ಕಗಳು ಮುಂದಿನ ಪುಟದಲ್ಲಿದ್ದವು. ಮಕ್ಕಳೆಲ್ಲ ಆಡುವ ಮನೆಯ ಚಿತ್ರ ಓದುಗರಿಗೆ ಗೊತ್ತಿರುವುದೇ: ಒಂದು ಚೌಕ, ಒಳಗೆ ಎರಡು ಕರ್ಣ, ಮೇಲೊಂದು ಮಾಡು. ಕೆಳಗಿನ ಎರಡು ಮೂಲೆಗಳಲ್ಲಿ ಮೂರು ಮೂರು ಗೆರೆ, ಮೇಲಿನ ಎರಡರಲ್ಲಿ ನಾಲ್ಕು ನಾಲ್ಕು, ಮಾಡಿನ ತುದಿಯಲ್ಲಿ ಎರಡು. ಕೂಡಿದರೆ 16, ಗೆರೆಗಳು 8. ಬೆಸ ಚುಕ್ಕಿಗಳು ಎರಡೇ ಇರುವುದರಿಂದ ಕೆಳಗಿನ ಒಂದು ಮೂಲೆಯಲ್ಲಿ ಆರಂಭಿಸಿದರೆ ಇನ್ನೊಂದರಲ್ಲಿ ಮುಗಿಯುತ್ತದೆ. ಮಾಡಿನಿಂದ ಆರಂಭಿಸಿದವನು ಎಷ್ಟು ಹೊತ್ತಾದರೂ ಮುಗಿಸಲಾರ. ಮಾಡನ್ನು ತೆಗೆದುಬಿಟ್ಟರೆ ನಾಲ್ಕು ಮೂಲೆಗಳೂ ಬೆಸವಾಗಿ, ಎಲ್ಲಿಂದ ಹೊರಟರೂ ಚಿತ್ರ ಕೂಡುವುದಿಲ್ಲ. ತಾಯಂದಿರು ಅಂಗಳದಲ್ಲಿ ಹಾಕುವ ಎಳೆಯ ರಂಗೋಲಿಯಲ್ಲಿ ಒಂದೇ ಎಳೆ ಚುಕ್ಕಿಗಳನ್ನು ಬಳಸಿ ಬಂದು ಹೊರಟಲ್ಲಿಗೇ ಸೇರುತ್ತದಲ್ಲ, ಅಲ್ಲಿ ಎಳೆ ಎಳೆಯನ್ನು ದಾಟುವ ಪ್ರತಿ ಸ್ಥಾನದಲ್ಲಿಯೂ ನಾಲ್ಕು ಕವಲು. ಸಮ. ತಮಿಳುನಾಡಿನ ಇಂಥ ರಂಗೋಲಿಗಳನ್ನು ಕುರಿತು ಮದ್ರಾಸಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲಿ ಗಣಕಶಾಸ್ತ್ರದ ಪತ್ರಿಕೆಯಲ್ಲಿ ಪ್ರಬಂಧವನ್ನೇ ಬರೆದರು.

ಇಲ್ಲಿ ತರ್ಕದ ವಿದ್ಯಾರ್ಥಿಗೆ ಪ್ರಿಯವಾದ ಒಂದು ಸೂಕ್ಷ್ಮವಿದೆ; ನಮ್ಮ ಮಕ್ಕಳು ಅಂಕ ಕಳೆದುಕೊಳ್ಳುವುದೂ ಇಲ್ಲಿಯೇ. ಪ್ರಶ್ನೆಯಲ್ಲಿ ‘ಇದ್ದರೆ ಮತ್ತು ಇದ್ದರೆ ಮಾತ್ರ’ ಎಂಬರ್ಥದ ಇಂಗ್ಲಿಷ್ ಪದಗಳಿರುತ್ತವೆ. ವಿದ್ಯಾರ್ಥಿ ಒಂದು ದಿಕ್ಕನ್ನು ಸಾಧಿಸಿ ಎದ್ದು ಬರುತ್ತಾನೆ. ಹೊಗೆಯಿದ್ದಲ್ಲಿ ಬೆಂಕಿಯಿದೆ, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಲೇಬೇಕೆಂದಿಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ತಾರ್ಕಿಕರು ಎರಡೂ ಕಡೆ ಸಲ್ಲುವ ಸಂಬಂಧಕ್ಕೆ ಸಮವ್ಯಾಪ್ತಿಯೆಂದು ಬೇರೆ ಹೆಸರಿಟ್ಟದ್ದು ಇದಕ್ಕಾಗಿಯೇ. ಒಂದೇ ಸುತ್ತಿನಲ್ಲಿ ಮುಗಿದು ಹೊರಟಲ್ಲಿಗೆ ಬರುವ ಚಿತ್ರದಲ್ಲಿ ಎಲ್ಲ ಡಿಗ್ರಿಗಳೂ ಸಮ ಎಂಬುದು ಒಂದು ದಿಕ್ಕು. ಎಲ್ಲ ಡಿಗ್ರಿಗಳೂ ಸಮವಾಗಿದ್ದು ಚಿತ್ರವು ಒಡೆಯದೆ ಒಂದಾಗಿದ್ದರೆ ಅಂಥ ಸುತ್ತು ಇದ್ದೇ ತೀರುತ್ತದೆ ಎಂಬುದು ಮತ್ತೊಂದು. ಈ ಎರಡನೆಯದಕ್ಕೆ ಪೂರ್ಣ ಸಾಧನೆ ಅಚ್ಚಾದದ್ದು 1873ರಲ್ಲಿ. ಸಾಧಿಸಿದವನು ಹೀರ್‌ಹೋಲ್ಸರ್ ಎಂಬ ಜರ್ಮನ್ ಗಣಿತಜ್ಞ. ‘ಒಡೆಯದೆ ಒಂದಾಗಿದ್ದರೆ’ ಎಂಬ ಮಾತನ್ನು ಬಿಡುವಂತಿಲ್ಲ. ದೂರ ದೂರ ಬರೆದ ಎರಡು ತ್ರಿಕೋನಗಳಲ್ಲಿ ಎಲ್ಲ ಚುಕ್ಕಿಗಳೂ ಸಮವೇ. ಆದರೂ ಕೈ ಎತ್ತದೆ ಎರಡನ್ನೂ ಬರೆಯಲಾಗದು.

ಇನ್ನೊಂದು ಗೊಂದಲವನ್ನು ಹೇಳಲೇಬೇಕು. ಪ್ರತಿ ಗೆರೆಯನ್ನು ಒಂದೇ ಸಲ ಸಂಚರಿಸುವುದು ಆಯ್ಲರನ ಪ್ರಶ್ನೆ. ಪ್ರತಿ ಚುಕ್ಕಿಯನ್ನು ಒಂದೇ ಸಲ ಮುಟ್ಟುವುದು ಹ್ಯಾಮಿಲ್ಟನ್ನನ ಪ್ರಶ್ನೆ. ಕಾಲುವೆಯ ಪ್ರತಿ ಕವಲಿನ ಗುಂಟ ನಡೆದು ಬರಬೇಕಾದ ನೀರಗಂಟಿಯದು ಮೊದಲನೆಯದು. ಪ್ರತಿ ಊರಿಗೆ ಒಮ್ಮೆ ಹೋಗಿ ಬರಬೇಕಾದ ಅಂಚೆಯವನದು ಎರಡನೆಯದು. ಕೇಳಲು ಅಣ್ಣತಮ್ಮಂದಿರಂತಿವೆ. ಮೊದಲನೆಯದಕ್ಕೆ ಡಿಗ್ರಿಗಳನ್ನು ಎಣಿಸಿದರೆ ಉತ್ತರ ದೊರೆಯುತ್ತದೆ. ಎರಡನೆಯದಕ್ಕೆ ಅಂಥ ಸುಲಭದ ಒರೆಗಲ್ಲು ಇಂದಿಗೂ ದೊರೆತಿಲ್ಲ. ಈ ಎರಡನೆಯ ಬಗೆಯ ಲೆಕ್ಕ ನಮ್ಮ ದೇಶದ ಪಂಡಿತರಿಗೆ ಬೇರೊಂದು ಬಾಗಿಲಿನಿಂದ ಪರಿಚಿತವಾಗಿತ್ತು. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿ ಚದುರಂಗದ ಕುದುರೆಯ ನಡೆಯನ್ನು ಅನುಸರಿಸಿ ಅಕ್ಷರಗಳನ್ನು ಓದಿಕೊಳ್ಳುವ ಚಿತ್ರಬಂಧವಿದೆ. ಮನೆಗಳೇ ಚುಕ್ಕಿಗಳು, ಕುದುರೆಯ ನಡೆಗಳೇ ಗೆರೆಗಳು. ನಮ್ಮ ನಾಡಿನಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಕುದುರೆಯ ಸಂಚಾರಗಳನ್ನು ರಚಿಸುವುದರಲ್ಲಿ ಹೆಸರಾಂತವರು. ಬಂಧಗಳನ್ನು ಬಿಡಿಸುತ್ತ ಮಠದಲ್ಲಿ ರಾತ್ರಿಗಳನ್ನು ಕಳೆದ ನಮಗೆ ಅದು ಗ್ರಾಫ್ ಸಿದ್ಧಾಂತವೆಂದು ಯಾರೂ ಹೇಳಿರಲಿಲ್ಲ, ಅಷ್ಟೇ.

ಮಠದ ಮಾತು ಬಂದದ್ದರಿಂದ ಹೇಳುತ್ತೇನೆ. ಮರವೆಂಬ ಪರಿಭಾಷೆ ಈ ಶಾಸ್ತ್ರದಲ್ಲಿದೆ. ಒಡೆಯದೆ ಒಂದಾಗಿರುವ, ಆದರೆ ಎಲ್ಲಿಯೂ ಸುತ್ತು ಇಲ್ಲದ ಜಾಲ ಅದು. ಗುರುಪರಂಪರೆಯ ಪಟವನ್ನು ನೆನೆಯಿರಿ. ಮೂಲಗುರುವನ್ನು ಬಿಟ್ಟರೆ ಪ್ರತಿಯೊಬ್ಬರಿಗೂ ಒಬ್ಬನೇ ದೀಕ್ಷಾಗುರು, ಒಂದೇ ಗೆರೆ. ಆದ್ದರಿಂದ ಪಟದಲ್ಲಿ ನಲವತ್ತು ಹೆಸರುಗಳಿದ್ದರೆ ಗೆರೆಗಳು ಮೂವತ್ತೊಂಬತ್ತು. ಚುಕ್ಕಿಗಳಿಗಿಂತ ಗೆರೆ ಒಂದು ಕಡಿಮೆ ಎಂಬ ಪ್ರಮೇಯ ಇಷ್ಟೇ. ಘಟಪ್ರಭೆಯ ಕಾಲುವೆಯಿಂದ ಕವಲು, ಕವಲಿನಿಂದ ಹೊಲಗಾಲುವೆ ಒಡೆಯುವುದನ್ನು ಕಂಡ ರೈತನ ಮಗನಿಗೆ ಇನ್ನೂ ಸುಲಭ: ಮರದಲ್ಲಿ ಯಾವ ಗೆರೆಯನ್ನು ಕಡಿದರೂ ಅದರ ಕೆಳಗಿನದೆಲ್ಲ ಒಣಗುತ್ತದೆ.

ಈಗ ಕಲಿಸುವವರ ಮಾತು. ಕಾಲೇಜೊಂದರಲ್ಲಿ ಪ್ರಶ್ನೆ ಕೇಳಿದ ಹುಡುಗನಿಗೆ ‘ಇಷ್ಟೂ ತಿಳಿಯದವನು ಇಲ್ಲಿಗೇಕೆ ಬಂದೆ’ ಎಂದು ತುಂಬಿದ ತರಗತಿಯಲ್ಲಿ ಅಂದರಂತೆ. ಆ ಹುಡುಗ ಮತ್ತೆಂದೂ ಕೈ ಎತ್ತಲಿಲ್ಲವೆಂದು ಅವನ ಸಹಪಾಠಿಗಳು ನನ್ನೊಡನೆ ಹೇಳಿದರು. ಅದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. 1852ರ ಅಕ್ಟೋಬರ್ 23ರಂದು ಲಂಡನ್ನಿನಲ್ಲಿ ಫ್ರೆಡರಿಕ್ ಗುತ್ರಿ ಎಂಬ ವಿದ್ಯಾರ್ಥಿ ತನ್ನ ಗುರುವಾದ ಡಿ ಮಾರ್ಗನ್ನನನ್ನು ಒಂದು ಪ್ರಶ್ನೆ ಕೇಳಿದನು. ಭೂಪಟದಲ್ಲಿ ನೆರೆಹೊರೆಯ ಪ್ರಾಂತಗಳಿಗೆ ಒಂದೇ ಬಣ್ಣ ಬರದಂತೆ ಮಾಡಲು ನಾಲ್ಕು ಬಣ್ಣ ಸಾಕೆಂದು ತನ್ನ ಅಣ್ಣ ಫ್ರಾನ್ಸಿಸನಿಗೆ ತೋರಿದೆ. ಅದು ನಿಜವೇ, ನಿಜವಾದರೆ ಏಕೆ? ಡಿ ಮಾರ್ಗನ್ ಆ ಕಾಲದ ಘನವಿದ್ವಾಂಸ. ಅವನಿಗೆ ಉತ್ತರ ತಿಳಿಯಲಿಲ್ಲ. ಹುಡುಗನನ್ನು ಗದರಿಸಲಿಲ್ಲ, ಅದೇ ದಿನ ಡಬ್ಲಿನ್ನಿನ ಹ್ಯಾಮಿಲ್ಟನ್ನನಿಗೆ ಪತ್ರ ಬರೆದು, ನನ್ನ ಶಿಷ್ಯನೊಬ್ಬ ಕೇಳಿದ್ದಾನೆ, ನನಗೆ ತಿಳಿಯದು ಎಂದು ಒಪ್ಪಿಕೊಂಡು ನೆರವು ಬೇಡಿದನು. ಸದ್ಯಕ್ಕೆ ಅದನ್ನು ಕೈಗೆತ್ತಿಕೊಳ್ಳಲಾಗದೆಂದು ಹ್ಯಾಮಿಲ್ಟನ್ ಉತ್ತರಿಸಿದನು. 1879ರಲ್ಲಿ ಕೆಂಪೆ ಎಂಬವನು ಸಾಧಿಸಿದನೆಂದು ಎಲ್ಲರೂ ನಂಬಿದರು. 1890ರಲ್ಲಿ ಹೀವುಡ್ ಅದರಲ್ಲಿಯ ದೋಷವನ್ನು ತೋರಿಸಿದನು. ಕೊನೆಗೆ ಗಣಕಯಂತ್ರದ ಸಹಾಯದಿಂದ ಅಪೆಲ್ ಮತ್ತು ಹಾಕೆನ್ ಅಮೆರಿಕದಲ್ಲಿ ಅದನ್ನು ಸಾಧಿಸಿದ್ದು 1976ರಲ್ಲಿ. ಒಬ್ಬ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಬರಲು 124 ವರ್ಷ ಹಿಡಿದವು! ಗುರುವಾದವನು ‘ನನಗೆ ತಿಳಿಯದು’ ಎನ್ನಲು ಅಂಜಿದ್ದರೆ ಆ ಪ್ರಶ್ನೆ ಅಂದೇ ಹೂತುಹೋಗುತ್ತಿತ್ತು.

ಇವೆಲ್ಲ ಪರದೇಶದ ಮಾತಾದವೆಂದು ಓದುಗರು ತಿಳಿಯಬಾರದು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರಕ್ಕೆ ಒಳ್ಳೆಯ ಪರಂಪರೆಯುಂಟು. ಅಲ್ಲಿದ್ದ ಇ. ಸಂಪತ್ಕುಮಾರ್ ಮತ್ತು ಎಚ್. ಬಿ. ವಾಲೀಕಾರರು 1979ರಲ್ಲಿ ಪ್ರಕಟಿಸಿದ ಒಂದು ಪ್ರಬಂಧವನ್ನು ಇಂದಿಗೂ ಲೋಕದ ನಾನಾ ಕಡೆಯ ಸಂಶೋಧಕರು ಉಲ್ಲೇಖಿಸುತ್ತಾರೆ. ವಿಷಯ ಹಳ್ಳಿಯವರಿಗೆ ತಟ್ಟನೆ ಹೊಳೆಯುವಂಥದ್ದು. ಒಂದೇ ರಸ್ತೆಯ ಗುಂಟ ಸಾಲಾಗಿ ಏಳು ಊರುಗಳಿವೆಯೆಂದುಕೊಳ್ಳಿರಿ. ಪ್ರತಿ ಊರಿಗೂ ತನ್ನಲ್ಲಿಯೋ ಪಕ್ಕದ ಊರಿನಲ್ಲಿಯೋ ಒಂದು ದನದ ದವಾಖಾನೆ ಇರಬೇಕು. ಎಷ್ಟು ದವಾಖಾನೆ ಸಾಕು? ಎರಡನೆಯ ಊರಿನಲ್ಲಿ ಒಂದು, ಐದನೆಯದರಲ್ಲಿ ಒಂದು ಇಟ್ಟರೆ ಆರು ಊರುಗಳಿಗೆ ಸಾಲುತ್ತದೆ, ಏಳನೆಯದಕ್ಕಾಗಿ ಮತ್ತೊಂದು. ಒಟ್ಟು ಮೂರು. ಒಂದು ದವಾಖಾನೆ ಹೆಚ್ಚೆಂದರೆ ಮೂರು ಊರುಗಳನ್ನು ನೋಡಿಕೊಳ್ಳಬಲ್ಲದಾದ್ದರಿಂದ ಎರಡರಲ್ಲಿ ಆಗದು. ಈ ಮೂರಕ್ಕೆ ಡಾಮಿನೇಶನ್ ಸಂಖ್ಯೆ ಎಂದು ಹೆಸರು. ಆದರೆ ದವಾಖಾನೆಗಳ ನಡುವೆ ಖಾಲಿ ಊರು ಬರಬಾರದು, ಒಂದರಿಂದ ಇನ್ನೊಂದಕ್ಕೆ ಔಷಧ ಕೈಯಿಂದ ಕೈಗೆ ದಾಟಬೇಕು ಎಂದರೆ? ಆಗ ಎರಡನೆಯ ಊರಿನಿಂದ ಆರನೆಯದರವರೆಗೆ ಐದೂ ಊರುಗಳಲ್ಲಿ ಬೇಕು. ಹೀಗೆ ಒಂದಕ್ಕೊಂದು ಕೂಡಿಕೊಂಡಿರಬೇಕೆಂಬ ನಿಬಂಧನೆಯನ್ನು ಹಾಕಿ, ಅದರ ಸಂಖ್ಯೆಯನ್ನು ವ್ಯವಸ್ಥಿತವಾಗಿ ವಿವೇಚಿಸಿದ್ದು ಧಾರವಾಡದವರ ಆ ಪ್ರಬಂಧ. ಅದೇ ವರ್ಷ ಅವರಿಬ್ಬರೂ ಬಿ. ಡಿ. ಆಚಾರ್ಯರೊಡನೆ ಕೂಡಿ ಡಾಮಿನೇಶನ್ ವಿಷಯದ ಉಪನ್ಯಾಸಗ್ರಂಥವೊಂದನ್ನು ಅಲಹಾಬಾದಿನ ಮೆಹತಾ ಸಂಶೋಧನ ಸಂಸ್ಥೆಯ ಮೂಲಕ ಹೊರತಂದರು. ತಂತಿಯಿಲ್ಲದ ಸಂಪರ್ಕ ಜಾಲಗಳು ಬಂದ ಮೇಲೆ ಈ ಕೂಡಿಕೊಂಡ ಸಂಖ್ಯೆಗೆ ಬೆಲೆ ಹೆಚ್ಚಿತು. ಸುದ್ದಿಯನ್ನು ದಾಟಿಸುವ ಬೆನ್ನೆಲುಬಿನ ಕೇಂದ್ರಗಳು ಒಂದಕ್ಕೊಂದು ಮುಟ್ಟುವಂತಿರಬೇಕಲ್ಲವೇ? ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ವಿ. ಆರ್. ಕುಲ್ಲಿಯವರೂ ಇದೇ ಕ್ಷೇತ್ರದಲ್ಲಿ ತಮ್ಮ ಶಿಷ್ಯರೊಡನೆ ದುಡಿದವರು. ತುಕ್ಕಾನಟ್ಟಿಯಿಂದ ಬೆಳಿಗ್ಗೆ ಬಸ್ಸು ಹತ್ತಿದವನು ಮಧ್ಯಾಹ್ನದೊಳಗೆ ತಲುಪುವ ಊರಿನಲ್ಲಿ ಹುಟ್ಟಿದ ವಿಚಾರವಿದು ಎಂದು ಯಾವ ಹುಡುಗನಿಗೂ ಯಾರೂ ಹೇಳುತ್ತಿಲ್ಲವೆಂಬುದೇ ನನ್ನ ಬೇಸರ.

ನೆರವು ಕೇಳುವುದಕ್ಕೂ ಒಂದು ರೀತಿಯಿದೆ. ತರ್ಕದ ಪಾಠದಲ್ಲಿ ಪೂರ್ವಪಕ್ಷವನ್ನು ಸ್ಪಷ್ಟವಾಗಿ ಹೇಳಲು ಬಾರದವನಿಗೆ ಸಿದ್ಧಾಂತವನ್ನು ಹೇಳುತ್ತಿರಲಿಲ್ಲ. ‘ನನಗೆ ಗ್ರಾಫ್ ಬರುವುದಿಲ್ಲ’ ಎಂದು ಹೇಳಿದರೆ ಯಾರು ತಾನೇ ಏನು ಮಾಡಿಯಾರು? ‘ಎಂಟಕ್ಕೆ ಕೂಡುತ್ತದೆ, ಒಂಬತ್ತಕ್ಕೆ ಒಂದು ಗೆರೆ ಕಡಿಮೆ ಬೀಳುತ್ತದೆ’ ಎಂದರೆ ಕೌದಿ ಹೊಲಿಯುವವರೂ ಉತ್ತರ ಹೇಳಬಲ್ಲರು. ಲೆಕ್ಕವನ್ನು ಮೊದಲು ಕನ್ನಡದಲ್ಲಿ ಮನೆಯವರಿಗೆ ಹೇಳಲಿ. ವರ್ಟೆಕ್ಸ್, ಎಡ್ಜ್, ಡಿಗ್ರಿ ಎಂಬ ಪಾರಿಭಾಷಿಕ ಪದಗಳು ಹಾಗೆಯೇ ಇರಲಿ. ಚಿತ್ರ ಬರೆಯಲಿ. ಇಪ್ಪತ್ತು ಚುಕ್ಕಿಯ ಲೆಕ್ಕವಾದರೆ ನಾಲ್ಕು ಚುಕ್ಕಿಗೆ ಇಳಿಸಿ ನೋಡಲಿ. ‘ಎಲ್ಲ ಜಾಲಗಳಲ್ಲಿಯೂ’ ಎಂಬ ಮಾತು ಬಂದಲ್ಲಿ, ಅದನ್ನು ಕೆಡಿಸುವ ಒಂದು ಜಾಲವಾದರೂ ಸಿಕ್ಕೀತೇ ಎಂದು ಹುಡುಕಲಿ. ಸಿಕ್ಕರೆ ಲೆಕ್ಕ ಮುಗಿಯಿತು; ಸಿಗದಿದ್ದರೆ ಏಕೆ ಸಿಗಲಿಲ್ಲವೆಂಬುದರಲ್ಲಿಯೇ ಸಾಧನೆಯ ಎಳೆ ಇರುತ್ತದೆ. ಕೇಳುವ ಹಿರಿಯರು ಉತ್ತರ ಹೇಳಬೇಕಾಗಿಲ್ಲ. ‘ಈ ಗೆರಿ ಯಾಕ ಹಾಕಿದಿ?’ ಎಂದು ಕೇಳುತ್ತ ಹೋದರೂ ಅರ್ಧ ಕೆಲಸವಾಗುತ್ತದೆ.

ಇಂದು ಕೈಯಲ್ಲಿರುವ ಮೊಬೈಲಿಗೆ ಲೆಕ್ಕದ ಭಾವಚಿತ್ರ ತೋರಿಸಿದರೆ ಕ್ಷಣದಲ್ಲಿ ಉತ್ತರ ಸುರಿಯುತ್ತದೆ. ಅದನ್ನು ನಿಷೇಧಿಸಬೇಕೆನ್ನುವವರ ಪಕ್ಷ ನನ್ನದಲ್ಲ. ಐ.ಐ.ಟಿ.ಗಳು ಮತ್ತು ಬೆಂಗಳೂರಿನ ವಿಜ್ಞಾನ ಸಂಸ್ಥೆ ಕೂಡಿ ನಡೆಸುವ ಎನ್.ಪಿ.ಟಿ.ಇ.ಎಲ್. ಪಾಠಗಳನ್ನು ಹಳ್ಳಿಯ ಹುಡುಗಿ ಖರ್ಚಿಲ್ಲದೆ ನೋಡಬಹುದಾದ ಕಾಲವಿದು. ಆದರೆ ಯಂತ್ರ ಕೊಟ್ಟ ಉತ್ತರ ತಪ್ಪಿರುವುದೂ ಉಂಟು, ಅದೂ ತುಂಬ ಧೈರ್ಯದ ಭಾಷೆಯಲ್ಲಿ. ಬಂದ ಉತ್ತರದ ಡಿಗ್ರಿಗಳನ್ನು ಕೂಡಿಸಿ ನೋಡಬೇಕು. ಗೆರೆಗಳ ಇಮ್ಮಡಿ ಬರದಿದ್ದರೆ ಎಲ್ಲಿಯೋ ಸುಳ್ಳಿದೆ. ಬಂದರೂ ಮೊಬೈಲನ್ನು ಬೋರಲು ಹಾಕಿ, ಅದೇ ಸಾಧನೆಯನ್ನು ಪಡಸಾಲೆಯಲ್ಲಿ ಕುಳಿತ ಒಬ್ಬರಿಗೆ ಕನ್ನಡದಲ್ಲಿ ಹೇಳಲು ಬರುತ್ತದೆಯೇ ನೋಡಬೇಕು. ಪರೀಕ್ಷೆಯ ಕೋಣೆಯಲ್ಲಿ ಜೊತೆಗೆ ಬರುವುದು ಅದೊಂದೇ.

ಪುಸ್ತಕಗಳ ಕುರಿತು ಎರಡು ಮಾತು. ಬೆಳಗಾವಿಯಲ್ಲಿ 1998ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಡಿ. ಎಸ್. ಚಂದ್ರಶೇಖರಯ್ಯನವರ ಗ್ರಾಫ್ ಸಿದ್ಧಾಂತದ ಪುಸ್ತಕವೂ ಗ್ರಿಮಾಲ್ಡಿಯ ದಪ್ಪ ಗ್ರಂಥವೂ ಬಳಕೆಯಲ್ಲಿವೆ. ಮೊದಲ ಓದಿಗೆ ಚಂದ್ರಶೇಖರಯ್ಯನವರದು ಮೇಲು. ಬಿಡಿಸಿದ ಲೆಕ್ಕಗಳು ಹೇರಳವಾಗಿವೆ. ನರಸಿಂಗ್ ದೇವ್ ಅವರ 1974ರ ಗ್ರಂಥ ಗಣಕಶಾಸ್ತ್ರದ ವಿದ್ಯಾರ್ಥಿಗೆ ಹಿತವಾದದ್ದು. ಫ್ರಾಂಕ್ ಹರಾರಿಯ 1969ರ ಗ್ರಂಥ ಚಿಕ್ಕದಾಗಿ ಕಾಣುತ್ತದೆ, ಆದರೆ ಅವನ ಒಂದು ಸಾಲಿಗೆ ಒಂದು ಸಂಜೆ ಬೇಕು; ಅದನ್ನು ಆಮೇಲೆ ಓದಲಿ. ಇವೆಲ್ಲಕ್ಕೂ ಮೊದಲು, ಮನೆಯಲ್ಲಿ ಅಕ್ಕನೋ ಅಣ್ಣನೋ ಓದಿದ ಹತ್ತನೆಯ ತರಗತಿಯ ಹಳೆಯ ಗಣಿತ ಪುಸ್ತಕ ಅಟ್ಟದ ಮೇಲಿದ್ದರೆ ಇಳಿಸಿ, ಜಾಲಾಕೃತಿಯ ಪಾಠವನ್ನು ಒಂದು ಸಲ ಓದಲಿ. ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಮೇಲಿನ ತರಗತಿಯವರು ವಾರಕ್ಕೊಂದು ಸಂಜೆ ಕೆಳಗಿನವರ ಲೆಕ್ಕಗಳಿಗೆ ಕಿವಿಗೊಡುವ ಏರ್ಪಾಡು ಖರ್ಚಿನ ಬಾಬಲ್ಲ; ಒಂದು ಕರಿಹಲಗೆ, ಒಂದು ಸುಣ್ಣದಕಡ್ಡಿ ಸಾಕು.

ಬಿಡುವಿದ್ದ ಮನೆಯವರಿಗೆ ಒಂದು ಲೆಕ್ಕವನ್ನು ಬಿಟ್ಟಿದ್ದೇನೆ. ಚದುರಂಗದ ಮಣೆಯ ಒಂದು ಮೂಲೆಯಲ್ಲಿ ಕುದುರೆಯನ್ನಿಟ್ಟು, 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ, ಅದಕ್ಕೆ ಕರ್ಣವಾಗಿ ಎದುರಿಗಿರುವ ಮೂಲೆಯಲ್ಲಿ ನಿಲ್ಲಿಸಲಾದೀತೇ? ನಡೆಸಿ ನೋಡುವುದಕ್ಕಿಂತ ಮುಂಚೆ ಎಷ್ಟು ನಡೆಗಳಾಗುತ್ತವೆಂದು ಎಣಿಸಿರಿ. ಪ್ರತಿ ನಡೆಗೆ ಕುದುರೆ ನಿಲ್ಲುವ ಮನೆಯ ಬಣ್ಣ ಏನಾಗುತ್ತದೆಂದು ನೋಡಿರಿ.